ಅಪ್ಪ-ಅಮ್ಮನ ಜೊತೆ ಬ್ರಾಡ್‌ಗೇಟ್ ಪಾರ್ಕ್: ಅಕ್ಟೋಬರ್‌ನಲ್ಲಿ ಹೋಗಿಬಂದವರು ಹೇಳಿ

ಕೇಳಿದವರು, ಇಂಗ್ಲೆಂಡಿನ ಲೆಸ್ಟರ್‌ನಿಂದ:
ತೀರ್ಥಹಳ್ಳಿಯಿಂದ ಅಪ್ಪ-ಅಮ್ಮ ಬಂದಿದ್ದಾರೆ. ದೀಪಾವಳಿ ಮುಗಿಸಿಕೊಂಡು ಹೊರಡುತ್ತಾರೆ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಒಂದು ಕಡೆ ಕೂತು ಅಭ್ಯಾಸವೇ ಇಲ್ಲ. ಬ್ರಾಡ್‌ಗೇಟ್ ಪಾರ್ಕ್ ತೋರಿಸಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅಮ್ಮನ ಕೈಲಿ ನಡೆಯೋಕೆ ಆಗುತ್ತಾ? ಜಿಂಕೆ ಕಾಣುತ್ತವಾ? ನಿಮ್ಮ ಅನುಭವ ತಿಳಿಸಿ.

ಲಫ್‌ಬರೋದಿಂದ:
ಖಂಡಿತ ಹೋಗಿ. ನ್ಯೂಟೌನ್ ಲಿನ್‌ಫರ್ಡ್ ಊರಿನ ಕಡೆಯ ಗೇಟಿನಿಂದಲೇ ಒಳಗೆ ಹೋಗಿ. ಅಲ್ಲಿಂದ ಲಿನ್ ಹೊಳೆಯ ಪಕ್ಕದಲ್ಲೇ ಡಾಂಬರು ದಾರಿ ಇದೆ, ಏರು ತುಂಬಾ ಕಮ್ಮಿ. ಸುಮಾರು ಒಂದು ಮೈಲಿ ನಡೆದರೆ ಬ್ರಾಡ್‌ಗೇಟ್ ಹೌಸ್ ಎಂಬ ಹಳೇ ಅರಮನೆಯ ಪಾಳು ಗೋಡೆಗಳು ಸಿಗುತ್ತವೆ. ಹತ್ತಿರದ ಡಿಯರ್ ಬಾರ್ನ್ ಎಂಬ ಕಟ್ಟಡದಲ್ಲಿ ಚಹಾ ಸಿಗುತ್ತದೆ. ನನ್ನ ಅತ್ತೆಗೂ ಮಂಡಿನೋವು. ಮೂರು ಕಡೆ ಕೂತು, ಹೊಳೆ ನೋಡಿಕೊಂಡು, ನಿಧಾನಕ್ಕೆ ಹೋಗಿಬಂದರು. ಒಳಗೆ ಹೋಗಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ಮಾತ್ರ ದುಡ್ಡು ಕೊಡಬೇಕು. ಬೆಳಿಗ್ಗೆ ಬೇಗ ಹೋಗಿ. ಭಾನುವಾರ ಮಧ್ಯಾಹ್ನ ಕಾರು ನಿಲ್ಲಿಸೋಕೆ ಜಾಗ ಸಿಗೋದು ಕಷ್ಟ.

ಡರ್ಬಿಯಿಂದ:
ಜಿಂಕೆ ಕಾಣೋದಷ್ಟೇ ಅಲ್ಲ, ಅಕ್ಟೋಬರ್‌ನಲ್ಲಿ ಅವುಗಳ ಕೂಗೂ ಕೇಳುತ್ತದೆ. ಇದು ಅವುಗಳಿಗೆ ಬೆದೆಯ ಕಾಲ. ಇಲ್ಲಿ ಎರಡು ಜಾತಿ ಇವೆ. ರೆಡ್ ಡಿಯರ್ ನಮ್ಮ ಕಡವೆಯನ್ನು ನೆನಪಿಸುತ್ತದೆ. ಫ್ಯಾಲೋ ಡಿಯರ್ ಸಣ್ಣದು, ಅವುಗಳಲ್ಲಿ ಹಲವಕ್ಕೆ ಚುಕ್ಕೆ ಇರುತ್ತದೆ. ಗಂಡು ಜಿಂಕೆ ಕೂಗುವಾಗ ದಯವಿಟ್ಟು ಫೋಟೋಗೆಂದು ಹತ್ತಿರ ಹೋಗಬೇಡಿ. ಕಮ್ಮಿ ಅಂದರೂ 50 ಮೀಟರ್ ದೂರ ಇರಲಿ. ಎರಡು ಜಿಂಕೆಗಳ ಮಧ್ಯೆ ನಿಲ್ಲಲೇಬೇಡಿ. ಕಳೆದ ವರ್ಷ ಒಂದು ಕುಟುಂಬ ಮಗುವನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿತ್ತು. ನೋಡಿ ನನಗೆ ಎದೆ ಹೊಡೆದುಕೊಂಡಿತು.

ಜರೀಗಿಡದ ಪೊದೆಯೊಳಗೂ ನುಗ್ಗಬೇಡಿ, ಅಲ್ಲಿ ಉಣುಗು ಇರುತ್ತವೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮಂಗನ ಕಾಯಿಲೆಯ ಭಯವಿಲ್ಲ, ಆದರೆ ಉಣುಗಿನಿಂದ ಲೈಮ್ ಅನ್ನೋ ಬೇರೆ ಕಾಯಿಲೆ ಬರಬಹುದು.

ಲೆಸ್ಟರ್‌ನಿಂದ ಇನ್ನೊಬ್ಬರು:
ನಾನೂ ಮಲೆನಾಡಿನವನೇ, ಸಾಗರ ಊರಿನ ಕಡೆಯವನು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹೋಗೋ ಮೊದಲು ಮನೆಯಲ್ಲೇ ಲೇಡಿ ಜೇನ್ ಗ್ರೇ ಕಥೆ ಹೇಳಿಬಿಡಿ. ಇಲ್ಲದಿದ್ದರೆ ಅಲ್ಲಿ ಕಾಣೋದು ಬರೀ ಇಟ್ಟಿಗೆ ಗೋಡೆ. ಆ ಹುಡುಗಿ ಬಾಲ್ಯ ಕಳೆದ ಮನೆ ಅದು. 1550ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸರು ಬಂದಾಗ ಮನೆಮಂದಿಯೆಲ್ಲ ಪಾರ್ಕಿನಲ್ಲಿ ಬೇಟೆಗೆ ಹೋಗಿದ್ದರು. ಜೇನ್ ಒಬ್ಬಳೇ ಕೂತು ಗ್ರೀಕ್ ಭಾಷೆಯಲ್ಲಿ ಪ್ಲೇಟೋನನ್ನು ಓದುತ್ತಿದ್ದಳು. 1553ರ ಜುಲೈನಲ್ಲಿ ದೊಡ್ಡವರೆಲ್ಲ ಸೇರಿ ಅವಳನ್ನು ಇಂಗ್ಲೆಂಡಿನ ರಾಣಿ ಮಾಡಿದರು. ಒಂಬತ್ತು ದಿನಕ್ಕೆ ಅದು ಮುಗಿದುಹೋಯಿತು. 1554ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅವಳ ತಲೆ ಕಡಿದರು. ಆಗ ಅವಳಿಗೆ 16-17 ವರ್ಷ ಇರಬಹುದು. ನನ್ನ ಅಮ್ಮ ಈ ಕಥೆ ಕೇಳಿ ಆ ಗೋಡೆಯ ಹತ್ತಿರ ತುಂಬಾ ಹೊತ್ತು ನಿಂತಿದ್ದರು. "ಅವಳ ಅಪ್ಪ-ಅಮ್ಮ ಯಾಕೆ ತಡೀಲಿಲ್ಲ?" ಅಂತ ಕೇಳಿದರು. ಅಪ್ಪನೇ ಮುಂದೆ ನಿಂತು ಮಾಡಿಸಿದ್ದು ಅಂತ ಹೇಳೋಕೆ ನನಗೆ ಕಷ್ಟವಾಯಿತು.

ದಾರಿಯಲ್ಲಿ ನೂರಾರು ವರ್ಷದ ಓಕ್ ಮರಗಳಿವೆ. ಬುಡ ದಪ್ಪ, ಮೇಲೆ ಮೊಂಡು. ಜೇನ್ ಸತ್ತ ಸುದ್ದಿ ಬಂದಾಗ ಶೋಕಕ್ಕೆ ಮರಗಳ ತಲೆಯನ್ನೂ ಕಡಿದರಂತೆ. ಇದು ಊರವರು ಹೇಳೋ ಕಥೆ. ನನ್ನ ಅಪ್ಪ ಮರದ ಸುತ್ತ ಒಂದು ಸುತ್ತು ಬಂದು, "ಇದು ಸೊಪ್ಪು ಕಡಿದ ಮರ ಕಣೋ, ನಮ್ಮ ಸೊಪ್ಪಿನಬೆಟ್ಟದ ಹಾಗೆ" ಅಂದರು. ಸೊಪ್ಪಿನಬೆಟ್ಟ ಅಂದರೆ ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪು ಕಡಿಯೋ ಕಾಡು. ಅದು ನಿಜ. ಜಿಂಕೆಯ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಕೊಂಬೆ ಕಡಿದರೆ ಹೊಸ ಚಿಗುರು ಉಳಿಯುತ್ತದೆ, ಸೌದೆಗೂ ಆಗುತ್ತದೆ. ಹಾಗೆ ಕಡಿಯೋ ಪದ್ಧತಿ ಇಂಗ್ಲೆಂಡಿನಲ್ಲೂ ಹಳೆಯದು. ನಾನು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ. ನಿಮ್ಮ ಅಪ್ಪನನ್ನು ಆ ಮರಗಳ ಹತ್ತಿರ ಬಿಡಿ, ಅವರೇ ನಿಮಗೆ ಹೇಳುತ್ತಾರೆ.

ಕವೆಂಟ್ರಿಯಿಂದ:
ಅಪ್ಪನಿಗೆ ಗುಡ್ಡ ಹತ್ತಬೇಕು ಅನ್ನಿಸಿದರೆ ಹಂಟ್ಸ್ ಹಿಲ್ ಕಾರ್ ಪಾರ್ಕಿನಿಂದ ಓಲ್ಡ್ ಜಾನ್ ಗೋಪುರ ಹತ್ತಿರ. 1784ರಲ್ಲಿ ಕಟ್ಟಿದ್ದು, ನೋಡೋಕೆ ಹಿಡಿ ಇರುವ ಮಗ್ ಹಾಗಿದೆ. ಗುಡ್ಡದ ಎತ್ತರ 212 ಮೀಟರ್. ಅಲ್ಲಿನ ಬಂಡೆಗಳು ಸುಮಾರು 56 ಕೋಟಿ ವರ್ಷ ಹಳೆಯವು. ಮಳೆ ಬಂದ ಮರುದಿನ ಬೇಡ. ನಾನು ಸಾದಾ ಶೂನಲ್ಲಿ ಹತ್ತಿ, ಒದ್ದೆ ಬಂಡೆಯ ಮೇಲೆ ಜಾರಿ, ಮೂರು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದೆ.

ಇನ್ನೊಂದು ಮಾತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಐದು ಗಂಟೆಗೆಲ್ಲ ಕತ್ತಲು. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಸಾಲದು.

ಲಫ್‌ಬರೋದಿಂದ ಮತ್ತೆ:
ಒಂದು ವಿಷಯ ಬಿಟ್ಟಿದ್ದೆ. ಈ ಪಾರ್ಕ್ ಹಿಂದೆ ಗ್ರೇ ಮನೆತನದ ಸ್ವಂತ ಆಸ್ತಿ. ಶೂ ತಯಾರಿಸುವ ಯಂತ್ರಗಳ ಉದ್ಯಮಿ ಚಾರ್ಲ್ಸ್ ಬೆನಿಯನ್ 1928ರಲ್ಲಿ ಇದನ್ನು ಕೊಂಡು ಲೆಸ್ಟರ್‌ಶೈರ್ ಜನರಿಗೆ ಕೊಟ್ಟುಬಿಟ್ಟರು. ಇವತ್ತು ನಾವು ದೀಪಾವಳಿಯ ಚಕ್ಕುಲಿ ಡಬ್ಬಿ ಹಿಡಿದು ಅಲ್ಲಿ ಕೂರೋದು ಅವರಿಂದ. ಅಪ್ಪ-ಅಮ್ಮನಿಗೆ ಇದನ್ನೂ ಹೇಳಿ.

ಕೇಳಿದವರು, ಎರಡು ವಾರದ ನಂತರ:
ಹೋಗಿಬಂದೆವು. ಅಮ್ಮ ಪಾಳು ಅರಮನೆಯವರೆಗೂ ನಡೆದರು, ಎರಡು ಕಡೆ ಕೂತರು. ಅಲ್ಲಿ ನವಿಲು ಕಂಡಿತು, ಅಮ್ಮನಿಗೆ ನಂಬೋಕೇ ಆಗಲಿಲ್ಲ. ಅಪ್ಪ ಓಕ್ ಮರದ ಬಗ್ಗೆ ಅದೇ ಮಾತು ಹೇಳಿದರು, ನಾನು ಬಾಯಿ ಬಿಟ್ಟಿರಲಿಲ್ಲ! ಜರೀಗಿಡ ಪೂರ್ತಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಮುಂದಿನ ವಾರ ಪಕ್ಕದ ಸ್ವಿತ್‌ಲ್ಯಾಂಡ್ ಕಾಡಿಗೆ ಹೋಗಬಹುದಾ?

ಡರ್ಬಿಯಿಂದ:
ಹೋಗಬಹುದು. ಅಲ್ಲಿ ಹಳೇ ಸ್ಲೇಟ್ ಕಲ್ಲಿನ ಗಣಿಗಳಿವೆ, ಬೇಲಿಯ ಆಚೆಯಿಂದಲೇ ನೋಡಿ. ಡಾಂಬರು ದಾರಿ ಇಲ್ಲ, ಎಲೆಯ ಕೆಳಗೆ ಕೆಸರು ಇರುತ್ತದೆ. ಅಮ್ಮನಿಗೆ ಒಂದು ಊರುಗೋಲು ತೆಗೆದುಕೊಂಡು ಹೋಗಿ.