ಮಲೆಗಳಲ್ಲಿ ಮದುಮಗಳು ನೂರನೇ ಪುಟಕ್ಕೇ ನಿಂತಿದೆ, ಘಾಚರ್ ಘೋಚರ್ ಕೊನೆ ಬಗೆಹರಿದಿಲ್ಲ

ಪುಟಗುರುತು ಕೇಳಿದ್ದು:

ಈ ರಜೆಯಲ್ಲಿ ನಾಲ್ಕು ಕಾದಂಬರಿ ಹಿಡಿದೆ, ಮೂರು ಮುಗಿದವು. ಅನಿಸಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಕರ್ವಾಲೊ (ತೇಜಸ್ವಿ, 1980): ತುಂಬಾ ಇಷ್ಟವಾಯಿತು. ಜೇನು ಸೊಸೈಟಿ, ಮಂದಣ್ಣ, ಎಂಗ್ಟ, ಕಿವಿ ನಾಯಿ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಮಂದಣ್ಣನ ಮದುವೆ, ಅವನ ಮೇಲಿನ ಕೇಸು ಇಷ್ಟುದ್ದ ಯಾಕೆ? ಅಷ್ಟು ಕಷ್ಟಪಟ್ಟು ಹುಡುಕಿದ ಹಾರುವ ಓತಿ ಕೊನೆಗೆ ಕಣಿವೆಗೆ ತೇಲಿಹೋದದ್ದು ನಿರಾಸೆ ತಂದಿತು.

ಬೆಟ್ಟದ ಜೀವ (ಕಾರಂತ, 1943): ಏನೂ ನಡೆಯುವುದಿಲ್ಲ. ಗೋಪಾಲಯ್ಯನವರ ಮಾತು, ಊಟ, ಸ್ನಾನ, ಮತ್ತೆ ಮಾತು. ಆದರೂ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ. ಯಾಕೆಂದು ನನಗೇ ಹೇಳಲು ಬರುತ್ತಿಲ್ಲ.

ಘಾಚರ್ ಘೋಚರ್ (ವಿವೇಕ ಶಾನಭಾಗ, 2013): ಒಂದೇ ಗುಕ್ಕಿನಲ್ಲಿ ಓದಿದೆ. ಕೊನೆಯ ಪುಟ ಮೂರು ಸಲ ಓದಿದೆ. ನಿರೂಪಕನ ಹೆಂಡತಿ ಅನಿತಾಗೆ ಏನಾಯಿತು?

ಮಲೆಗಳಲ್ಲಿ ಮದುಮಗಳು (ಕುವೆಂಪು, 1967): ನೂರನೇ ಪುಟದ ಹತ್ತಿರ ನಿಂತೆ. ಯಾರು ಯಾವ ಮನೆಯವರು ಅನ್ನುವುದೇ ಕಲಸಿಹೋಗುತ್ತದೆ. ಕಥೆ ಒಬ್ಬರ ಹಿಂದೆ ಹೋಗಿ, ಅವರನ್ನು ಬಿಟ್ಟು ಇನ್ನೊಬ್ಬರ ಹಿಂದೆ ಹೋಗುತ್ತದೆ.

ಇವುಗಳಲ್ಲಿ ಒಂದರ ಬಗ್ಗೆ ಕಾಲೇಜಿನ ಭಿತ್ತಿಪತ್ರಿಕೆಗೆ 400 ಪದದಲ್ಲಿ ಬರೆಯಬೇಕು. ಹೇಗೆ ಶುರು ಮಾಡಲಿ?

---

ತುಂಗೆಯ ದಡ ಉತ್ತರಿಸಿದ್ದು:

ಮೊದಲು ಮದುಮಗಳ ಮಾತು. ನಾಯಕ ಯಾರು ಎಂದು ಹುಡುಕುತ್ತಾ ಹೋದವರೆಲ್ಲ ನೀವು ನಿಂತ ಜಾಗದ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಎಂದು ಕುವೆಂಪು ಕಥೆ ಶುರುವಾಗುವ ಮುಂಚೆಯೇ ಹೇಳಿಬಿಟ್ಟಿದ್ದಾರೆ. ಆ ಮಾತನ್ನು ಅಲಂಕಾರ ಅಂದುಕೊಂಡು ದಾಟಿಬಿಡುತ್ತೇವೆ. ಅದು ಓದುವ ಕ್ರಮಕ್ಕೆ ಕೊಟ್ಟ ಸೂಚನೆ. ಕಥೆ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹಿಂದೆ ಹೋಗುವುದು ಅದಕ್ಕೇ.

ಜನರ ಪಟ್ಟಿ ಮಾಡಬೇಡಿ, ಮನೆಗಳ ಪಟ್ಟಿ ಮಾಡಿ. ಒಂದು ದೊಡ್ಡ ಹಾಳೆಯಲ್ಲಿ ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಮೇಗರವಳ್ಳಿ ಎಂದು ಬರೆದು, ಒಂದೊಂದರ ಕೆಳಗೆ ಮೂರು ಸಾಲು ಬಿಡಿ. ಮೊದಲ ಸಾಲಿಗೆ ಮನೆಯ ಯಜಮಾನ, ಎರಡನೆಯದಕ್ಕೆ ಮನೆಮಂದಿ, ಮೂರನೆಯದಕ್ಕೆ ಆ ಮನೆಗೆ ದುಡಿಯುವ ಆಳುಮಕ್ಕಳು. ಒಂದು ಹೆಸರು ಎರಡನೇ ಸಲ ಬಂದಾಗ ಮಾತ್ರ ಹಾಳೆಗೆ ಸೇರಿಸಿ. ಮೊದಲ ಸಲಕ್ಕೇ ಬರೆಯಹೊರಟರೆ ಮೂವತ್ತು ಪುಟಕ್ಕೆ ಹಾಳೆ ತುಂಬುತ್ತದೆ, ಬೇಸರವೂ ಹತ್ತುತ್ತದೆ. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ನಡೆಯುತ್ತಾ ಹೋಗುವುದೇ ನಮಗೆ ಆ ಮನೆಗಳ ಪರಿಚಯ ಮಾಡಿಸಲಿಕ್ಕೆ. ಅವನು ನಡೆದ ದಾರಿಯನ್ನು ಹಾಳೆಯ ಮೇಲೆ ಒಂದು ಗೆರೆಯಾಗಿ ಎಳೆದರೆ ನಕ್ಷೆ ತಾನಾಗಿ ಮೂಡುತ್ತದೆ.

ಹಾಳೆಯ ಇನ್ನೊಂದು ಬದಿಗೆ ಮೂರು ಜೋಡಿ ಬರೆದಿಡಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಬೇರೆ ಬೇರೆ ಜಾತಿ, ಬೇರೆ ಬೇರೆ ಅಂತಸ್ತಿನ ಜೋಡಿಗಳು. ಮದುವೆ ಅನ್ನುವ ಒಂದೇ ವಿಷಯ ಈ ಮೂರು ಕಡೆ ಹೇಗೆ ಬೇರೆಯಾಗುತ್ತದೆ ಎಂದು ನೋಡುತ್ತಾ ಹೋದರೆ ಕಾದಂಬರಿ ಚದುರಿದೆ ಅನಿಸುವುದಿಲ್ಲ. ಹುಲಿಯನಿಗೂ ಒಂದು ಸಾಲು ಕೊಡಿ. ಯಾಕೆಂದು ಕೊನೆಯಲ್ಲಿ, ತುಂಬಿದ ಹೊಳೆ ದಾಟುವಾಗ ಗೊತ್ತಾಗುತ್ತದೆ.

ಇನ್ನು ವೇಗ. ಪುಸ್ತಕ ಏಳುನೂರು ಪುಟದ ಆಸುಪಾಸು, ಮುದ್ರಣಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ. ದಿನಕ್ಕೆ 25 ಪುಟದಂತೆ ಓದಿದರೆ ಒಂದು ತಿಂಗಳೊಳಗೆ ಮುಗಿಯುತ್ತದೆ. ಒಂದೇ ದಿನ ನೂರು ಪುಟ ಓದಿ ಹತ್ತು ದಿನ ಬಿಟ್ಟರೆ ಕೆಟ್ಟಿತು: ಬೆಟ್ಟಳ್ಳಿ ಯಾವುದು, ಹೂವಳ್ಳಿ ಯಾವುದು ಎಂಬುದು ಅಳಿಸಿಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಈಗ ನಿಂತಲ್ಲಿಂದ ಮುಂದುವರಿಸುವುದೂ ಬೇಡ. ಆ ನೂರು ಪುಟವನ್ನು ಹಾಳೆ ಪಕ್ಕದಲ್ಲಿಟ್ಟುಕೊಂಡು ಇನ್ನೊಮ್ಮೆ ಓದಿ. ಎರಡನೇ ಸಲ ಅರ್ಧ ಹೊತ್ತೂ ಹಿಡಿಯುವುದಿಲ್ಲ.

ಭಾಷೆಯಲ್ಲಿ ಎರಡು ಪದರ ಇದೆ. ನಿರೂಪಣೆ ಗ್ರಂಥಸ್ಥ ಕನ್ನಡ, ಸಂಸ್ಕೃತದ ಉದ್ದುದ್ದ ಸಮಾಸಗಳು. ಮಾತುಕತೆ ಮಲೆನಾಡಿನ ಆಡುಮಾತು, ಅದರಲ್ಲೂ ಗೌಡರದ್ದು ಒಂದು ಬಗೆ, ಹೊಲಗೇರಿಯದ್ದು ಇನ್ನೊಂದು ಬಗೆ. ಮಾತುಕತೆಯನ್ನು ಗಟ್ಟಿಯಾಗಿ ಓದಿ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ. ಕಾಡಿನ ವರ್ಣನೆಯನ್ನು ಮಾತ್ರ ಕಣ್ಣಲ್ಲೇ, ನಿಧಾನವಾಗಿ. ತೆಣೆ, ಮುರುವಿನ ಒಲೆ, ಹಾಡ್ಯ, ಕಂಬಳಿಕೊಪ್ಪೆ ಇಂಥ ಪದ ಬಂದಾಗಲೆಲ್ಲ ನಿಘಂಟು ತೆಗೆಯಬೇಡಿ. ಎರಡು ಮೂರು ಸಲ ಎದುರಾದರೆ ಸಾಕು, ಸಂದರ್ಭವೇ ಹೇಳಿಕೊಡುತ್ತದೆ. ಕಥೆಯ ಕಾಲ 19ನೇ ಶತಮಾನದ ಕೊನೆ. ವಿವೇಕಾನಂದರ ಷಿಕಾಗೊ ಭಾಷಣದ (1893) ಪ್ರಸ್ತಾಪ ಬರುವಲ್ಲಿ ಒಂದು ಗುರುತು ಹಾಕಿಕೊಳ್ಳಿ. ತೀರ್ಥಹಳ್ಳಿ ಕಡೆಯ ಆ ಕಾಡಿಗೂ ಹೊರಗಿನ ಜಗತ್ತಿಗೂ ಇರುವ ದೂರ ಅಲ್ಲಿ ಅಳತೆಗೆ ಸಿಗುತ್ತದೆ.

ರಾತ್ರಿಯಿಡೀ ನಡೆಯುವ ಇದರ ನಾಟಕರೂಪವನ್ನು (ಸಿ. ಬಸವಲಿಂಗಯ್ಯ ನಿರ್ದೇಶನ, ಸುಮಾರು ಒಂಬತ್ತು ಗಂಟೆ) ಮೊದಲು ನೋಡಿ ಅಂತ ಹೇಳುವವರಿದ್ದಾರೆ. ಓದಿ ಮುಗಿದ ಮೇಲೆ ನೋಡುವುದು ಒಳ್ಳೆಯದು. ಮೊದಲೇ ನೋಡಿದರೆ ಗುತ್ತಿಯ ಮುಖ ನಟರ ಮುಖವೇ ಆಗಿ ಕೂತುಬಿಡುತ್ತದೆ.

---

ಕಾಫಿಹೌಸ್ ಮೇಜು ಉತ್ತರಿಸಿದ್ದು:

ಘಾಚರ್ ಘೋಚರ್ ಓದದವರು ಇದನ್ನು ದಾಟಿ ಹೋಗಿ, ಕೊನೆಯ ವಿಷಯ ಬರುತ್ತದೆ.

ಕೊನೆಯ ಪುಟವನ್ನು ಮೂರು ಸಲ ಓದಿದರೆ ಉತ್ತರ ಸಿಗುವುದಿಲ್ಲ, ಉತ್ತರ ಹಿಂದಿನ ಪುಟಗಳಲ್ಲಿದೆ. ಐದು ಜಾಗಕ್ಕೆ ವಾಪಸು ಹೋಗಿ.

ಮೊದಲನೆಯದು ನಿರೂಪಕನ ಹಳೆಯ ಗೆಳತಿ ಚಿತ್ರಾಳ ಭಾಗ. ಗಂಡನ ಮನೆಯಲ್ಲಿ ನೊಂದ ಹೆಂಗಸರ ಕಥೆಗಳನ್ನು ಅವಳು ಹೇಳುತ್ತಿದ್ದಾಗ ನಿರೂಪಕ ಏನು ಮಾಡುತ್ತಿದ್ದ? ಕೇಳುತ್ತಿದ್ದ, ಅಷ್ಟೆ. ಎರಡನೆಯದು ಹಳೇ ಮನೆಯ ಇರುವೆಗಳು. ಅವುಗಳನ್ನು ಕೊಲ್ಲುವುದು ಆ ಮನೆಯವರಿಗೆ ಮೆಲ್ಲಗೆ ಅಭ್ಯಾಸವಾಗಿ, ಆಮೇಲೆ ಅದರಲ್ಲಿ ಒಂದು ಖುಷಿಯೂ ಸೇರಿಕೊಳ್ಳುತ್ತದೆ. ಮೂರನೆಯದು ಚಿಕ್ಕಪ್ಪನನ್ನು ಕೇಳಿಕೊಂಡು ಅಡುಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಹೆಂಗಸು. ನಿರೂಪಕನ ಅಮ್ಮ, ಸೋದರಿ ಮಾಲತಿ ಅವಳನ್ನು ಬೈದು ಅಟ್ಟುವಾಗ ಗಂಡಸರು ಎಲ್ಲಿದ್ದರು ನೋಡಿ, ಆಮೇಲೆ ಅದನ್ನು ಎತ್ತಿ ಆಡಿದವಳು ಅನಿತಾ ಒಬ್ಬಳೇ ಎಂಬುದನ್ನೂ ನೋಡಿ. ನಾಲ್ಕನೆಯದನ್ನು ಬಹಳ ಓದುಗರು ಮರೆತೇಬಿಡುತ್ತಾರೆ: ಗಂಡನ ಮನೆಯಿಂದ ಮಾಲತಿಯ ಒಡವೆ ತರಲು ಜೊತೆಗೆ ಎಂಥವರು ಹೋದರು? ಈ ಮನೆಯವರ ಕೈಗೆ ಅಂಥವರು ಸಿಗುತ್ತಾರೆ ಎಂದು ಅಲ್ಲೇ ತಿಳಿಯುತ್ತದೆ. ಕೊನೆಯದು ಸಾವು, ಅಪಘಾತಗಳ ಬಗ್ಗೆ ಮನೆಯವರೆಲ್ಲ ಕೂತು ಆರಾಮಾಗಿ ಆಡುವ ಮಾತು.

ಈ ಐದನ್ನೂ ಸಾಲಾಗಿಟ್ಟು ನೋಡಿದರೆ "ಸತ್ತಳೋ ಇಲ್ಲವೋ" ಅನ್ನುವ ಪ್ರಶ್ನೆ ಹಿಂದೆ ಸರಿಯುತ್ತದೆ. ಏನೋ ಆಗಿರಬಹುದು ಎಂಬ ಅನುಮಾನ ನಿರೂಪಕನಿಗೆ ಬಂದಿದೆ. ಊರಿಂದ ವಾಪಸಾಗಬೇಕಿದ್ದ ಹೆಂಡತಿಯ ಸುದ್ದಿಯಿಲ್ಲ. ಅವನು ಹೋಗಿ ವಿಚಾರಿಸುವುದಿಲ್ಲ, ಕಾಫಿಹೌಸಿನಲ್ಲಿ ಕೂತಿದ್ದಾನೆ. ಕಂಪನಿಯಲ್ಲಿ ಹೆಸರಿಗೆ ನಿರ್ದೇಶಕ, ಮಾಡಲು ಕೆಲಸವಿಲ್ಲ, ಸಂಬಳ ಬರುತ್ತದೆ. ಸುಮ್ಮನಿರುವುದಕ್ಕೇ ಸಂಬಳ ಪಡೆದು ಅಭ್ಯಾಸವಾದವನು ಇಲ್ಲಿಯೂ ಸುಮ್ಮನಿದ್ದಾನೆ. ಕೈಯ ಮೇಲಿನ ರಕ್ತ ಅಲ್ಲಿನ ವೇಟರ್ ವಿನ್ಸೆಂಟನ ಕಣ್ಣಿಗೆ ಬೀಳುತ್ತದೆ. ಗ್ಲಾಸು ಒಡೆದು ಬಂದ ರಕ್ತ ಅನ್ನುವುದೂ ನಿಜ, ಅಷ್ಟಕ್ಕೇ ಅದು ನಿಲ್ಲುವುದಿಲ್ಲ ಅನ್ನುವುದೂ ನಿಜ.

ಇನ್ನೊಂದು ಕೆಲಸ ಮಾಡಿ ನೋಡಿ. ಪೆನ್ಸಿಲ್ ಹಿಡಿದು ಇಡೀ ಪುಸ್ತಕದಲ್ಲಿ ನಿರೂಪಕನ ಹೆಸರು ಹುಡುಕಿ, ಸಿಗುವುದಿಲ್ಲ. ಆಮೇಲೆ "ನಾನು" ಎನ್ನಬಹುದಾದ ಕಡೆ ಅವನು "ನಾವು" ಅಂದ ಜಾಗಗಳಿಗೆ ಗುರುತು ಹಾಕಿ. ಭಿತ್ತಿಪತ್ರಿಕೆಗೆ 400 ಪದ ಬರೆಯಲು ಅದೊಂದೇ ಸಾಕು.

---

ಓತಿಕ್ಯಾತ ಉತ್ತರಿಸಿದ್ದು:

ಕರ್ವಾಲೊ ಬಗ್ಗೆ ಚಿಕ್ಕ ತಿದ್ದುಪಡಿ, ಯಾಕೆಂದರೆ ಬರೆಯುವಾಗ ಇಲ್ಲಿ ಎಡವುವವರು ಹೆಚ್ಚು. "ತೇಜಸ್ವಿ ಕಲ್ಪಿಸಿದ ಹಾರುವ ಓತಿ" ಅಂತ ಬರೆಯಬೇಡಿ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜವಾಗಿಯೂ ಇದೆ, ಅಡಕೆ ತೋಟಗಳಲ್ಲೂ ಕಾಣುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ ಅವುಗಳ ಮೇಲಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಮೈಬಣ್ಣ ಮರದ ತೊಗಟೆಯಂತೆ, ಗಂಡಿಗೆ ಗಂಟಲಡಿ ಹಳದಿ ಚೀಲ, ಮುಖ್ಯ ಆಹಾರ ಇರುವೆ. ಕಾದಂಬರಿಯ ಓತಿ ಕಾಲದ ಆಚೆಯಿಂದ ಉಳಿದುಬಂದ ಅಪೂರ್ವ ಜೀವಿ, ಅದು ಕಾದಂಬರಿಕಾರರು ಕೊಟ್ಟ ಅರ್ಥ. ಎರಡನ್ನೂ ಬೇರೆ ಬೇರೆ ಇಟ್ಟು ಬರೆಯಿರಿ.

ಮಂದಣ್ಣನ ಮದುವೆ, ಕೇಸು ಉದ್ದವಾಯಿತು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆ ಓತಿಯನ್ನು ಕಂಡಿರುವವನು ಅವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ, ಊರು ಅವನನ್ನು ಒಬ್ಬ ಶತದಡ್ಡನಾಗಿ ನೋಡುತ್ತದೆ. ಅಂಥವನ ಕಣ್ಣು ಮದುವೆ, ಪೊಲೀಸು, ಸಾಲ ಇವುಗಳ ನಡುವೆ ಕಳೆದುಹೋಗದಂತೆ ಉಳಿಸಿಕೊಳ್ಳುವುದೇ ಮೊದಲರ್ಧದ ಕಥೆ. ಆ ಪುಟಗಳನ್ನು ತೆಗೆದರೆ ಕಾಡಿನ ಪ್ರಯಾಣ ಬರೀ ಬೇಟೆಯ ಕಥೆಯಾಗುತ್ತದೆ.

ಕೊನೆ ನಿರಾಸೆ ತಂದಿತು ಎಂಬುದನ್ನು ಮಾತ್ರ ಹಾಗೇ ಬರೆಯಿರಿ, ಮುಚ್ಚಬೇಡಿ. ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಓತಿ ಸಿಕ್ಕಿ ಸೀಸೆಯೊಳಗೆ ಕೂತಿದ್ದರೆ ಮುಂದಿನ ಪುಟದಲ್ಲಿ ಏನು ಬರೆಯಬಹುದಿತ್ತು?

---

ಅಡಕೆ ಸೋಗೆ ಉತ್ತರಿಸಿದ್ದು:

ಬೆಟ್ಟದ ಜೀವದಲ್ಲಿ ಏನೂ ನಡೆಯುವುದಿಲ್ಲ ಅಂದಿರಿ. ನಡೆಯಬೇಕಾದ್ದು ಕಥೆ ಶುರುವಾಗುವ ಮೊದಲೇ ನಡೆದುಹೋಗಿದೆ: ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ದಾರಿ ತಪ್ಪಿ ಬಂದ ಅಪರಿಚಿತನಿಗೆ ಎಣ್ಣೆ, ಬಿಸಿನೀರು, ಊಟ, "ಇನ್ನೊಂದು ದಿನ ಇರಿ" ಎಂಬ ಒತ್ತಾಯ, ಇವೆಲ್ಲ ಯಾರಿಗೆ ಸಲ್ಲಬೇಕಿತ್ತು ಎಂದು ಯೋಚಿಸಿ. ಗೋಪಾಲಯ್ಯನವರ ಮಾತು ಶಂಭುವಿನ ಹತ್ತಿರ ಬಂದು ತೋಟ, ಆನೆ, ಹುಲಿ, ನಗೆಮಾತಿನ ಕಡೆ ತಿರುಗುವ ಜಾಗಗಳನ್ನು ಅಂಚಿನಲ್ಲಿ ಗುರುತಿಸಿ. ಅವರ ಹೆಂಡತಿ ಶಂಕರಮ್ಮನಿಗೆ ಹಾಗೆ ತಿರುಗಿಸಲು ಬರುವುದಿಲ್ಲ. ಕಾಟುಮೂಲೆಯ ನಾರಾಯಣನ ಸಂಸಾರವನ್ನು ಆ ದಂಪತಿ ಅಷ್ಟು ಹಚ್ಚಿಕೊಂಡಿರುವುದಕ್ಕೂ ಇದೇ ಕಾರಣ. ಪುಸ್ತಕ ಕೆಳಗಿಡಲು ಮನಸ್ಸಾಗದ್ದೂ ಇದಕ್ಕೇ ಇರಬೇಕು: ಆ ಮಗ ಬರುತ್ತಾನೇನೋ ಎಂದು ನೀವೂ ಅವರ ಜೊತೆ ಕಾಯುತ್ತಿದ್ದಿರಿ.

400 ಪದದ ಲೆಕ್ಕ ಹೀಗೆ. ಕಥೆಗೆ 60 ಪದ ಮೀರಬೇಡಿ. ಹೆಚ್ಚಿನ ಬರಹ ಕೆಡುವುದು ಇಲ್ಲಿಯೇ, ಮುನ್ನೂರು ಪದ ಕಥೆ ಹೇಳಿ ಉಳಿದದ್ದರಲ್ಲಿ "ಎಲ್ಲರೂ ಓದಲೇಬೇಕು" ಎಂದು ಮುಗಿಸುವುದು. ನಿಮ್ಮನ್ನು ತಡೆದು ನಿಲ್ಲಿಸಿದ ಎರಡು ಜಾಗ ಆರಿಸಿ, ಒಂದೊಂದಕ್ಕೆ 100 ಪದ ಕೊಡಿ. ಅಲ್ಲಿ ಯಾರು ಮಾತಾಡುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ, ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಬರೆಯಿರಿ. ಇನ್ನು 80 ಪದ ನಿಮ್ಮ ತಕರಾರಿಗೆ. ತಕರಾರಿಲ್ಲದ ಬರಹವನ್ನು ಯಾರೂ ನಂಬುವುದಿಲ್ಲ. ಉಳಿದದ್ದು ಶುರುವಿಗೆ ಮತ್ತು ಮುಕ್ತಾಯಕ್ಕೆ. ಪುಟಸಂಖ್ಯೆ ಕೊಟ್ಟರೆ ಯಾವ ವರ್ಷದ ಮುದ್ರಣ ಎಂದೂ ಬರೆಯಿರಿ, ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ಲೇಖಕರ ಪ್ರಶಸ್ತಿಗಳ ಪಟ್ಟಿ ಬೇಡ, ಬೆನ್ನುಡಿಯ ಸಾಲು ಬೇಡ. "ಅದ್ಭುತ", "ಮನಮುಟ್ಟುವ" ಎಂದು ಬರೆದಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ಪುಸ್ತಕದ ಒಂದು ವಸ್ತುವಿನ ಹೆಸರು ಬರೆಯಿರಿ.

ಶುರು ಹೇಗೆ ಅಂದಿರಲ್ಲ. "ಈ ಕಾದಂಬರಿಯಲ್ಲಿ ಏನೂ ನಡೆಯುವುದಿಲ್ಲ, ಆದರೂ ಕೆಳಗಿಡಲು ಮನಸ್ಸಾಗಲಿಲ್ಲ." ನೀವೇ ಮೇಲೆ ಬರೆದ ಮಾತಿದು. ಅದಕ್ಕಿಂತ ಒಳ್ಳೆಯ ಮೊದಲ ಸಾಲು ಬೇಕಿಲ್ಲ.

---

ಪುಟಗುರುತು ಮತ್ತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಾಲತಿಯ ಒಡವೆಯ ಭಾಗ ಈಗ ತೆಗೆದು ನೋಡಿದೆ, ಮೊದಲ ಓದಿನಲ್ಲಿ ಅದು ಗಮನಕ್ಕೇ ಬಂದಿರಲಿಲ್ಲ. ಭಿತ್ತಿಪತ್ರಿಕೆಗೆ ಬೆಟ್ಟದ ಜೀವದ ಬಗ್ಗೆಯೇ ಬರೆಯುತ್ತೇನೆ. ಮದುಮಗಳು ಮುಗಿದ ಮೇಲೆ ಕುಸುಮಬಾಲೆ ಓದಬಹುದೇ? ಒಂದು ಪುಟ ತೆರೆದು ನೋಡಿದೆ, ಗದ್ಯವೋ ಪದ್ಯವೋ ತಿಳಿಯಲಿಲ್ಲ.

---

ತುಂಗೆಯ ದಡ ಉತ್ತರಿಸಿದ್ದು:

ಓದಬಹುದು, ಆದರೆ ನೇರವಾಗಿ ಬೇಡ. ದೇವನೂರ ಮಹಾದೇವ ಅವರದೇ ಒಡಲಾಳ ಮೊದಲು ಓದಿ, ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ, ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಒಲೆ ಸುತ್ತ ಕೂತು ತಿನ್ನುತ್ತಾರೆ, ಬೆಳಗಾದರೆ ಪೊಲೀಸು. ಆ ಮನೆಯ ಮಾತಿಗೆ ಕಿವಿ ಹೊಂದಿಕೊಂಡ ಮೇಲೆ ಕುಸುಮಬಾಲೆ (1984) ಹಿಡಿಯಿರಿ. ಇಡೀ ಪುಸ್ತಕ ನಂಜನಗೂಡು ಕಡೆಯ ಆಡುನುಡಿಯಲ್ಲಿದೆ. ನಿರೂಪಣೆಯೂ ಅದೇ ನುಡಿ, ಮದುಮಗಳಲ್ಲಿ ಇದ್ದಂತೆ ಎರಡು ಪದರವಿಲ್ಲ. ಕಥೆಗಾರರು ಎದುರು ಕೂತು ಹಾಡಿ ಹೇಳುವ ಕಥೆಯಂತೆ, ಗಟ್ಟಿಯಾಗಿ, ಸಾಲು ಮುರಿದಲ್ಲಿ ಉಸಿರು ಬಿಟ್ಟು ಓದಿ. ದೀಪಗಳು ಜೋತಮ್ಮಂದಿರಾಗಿ ಒಂದೆಡೆ ಸೇರಿ ಮಾತಾಡುವ ಭಾಗದಿಂದ ಅಭ್ಯಾಸ ಶುರು ಮಾಡಿ. ಹತ್ತು ಪುಟ ಆದಮೇಲೂ ಎಡವುತ್ತಿದ್ದರೆ, ಮೈಸೂರು–ಚಾಮರಾಜನಗರ ಕಡೆಯ ಗೆಳೆಯರು ಇದ್ದರೆ ಅವರಿಂದ ಎರಡು ಪುಟ ಓದಿಸಿ ಕೇಳಿಸಿಕೊಳ್ಳಿ.

---

ಓತಿಕ್ಯಾತ ಉತ್ತರಿಸಿದ್ದು:

ಮದುಮಗಳಿಗೂ ಕುಸುಮಬಾಲೆಗೂ ನಡುವೆ ಒಂದು ವೇಗದ ಓದು ಇರಲಿ: ತೇಜಸ್ವಿಯವರ ಜುಗಾರಿ ಕ್ರಾಸ್ (1994). ಯಾಲಕ್ಕಿ ಮಾರಲು ಹೊರಟ ಸುರೇಶ, ಗೌರಿ, ಒಂದು ಹಗಲು ರಾತ್ರಿಯ ಕಥೆ. ಗಡಿಯಾರ ನೋಡುತ್ತಾ ಓದಿ, ಯಾವ ಘಟನೆ ಎಷ್ಟು ಹೊತ್ತಿಗೆ ನಡೆಯಿತು ಎಂದು ಅಂಚಿನಲ್ಲಿ ಬರೆಯಿರಿ. ನಡುವೆ ಹಳಗನ್ನಡ ಕಾವ್ಯದ ಒಗಟು ಬರುವ ಕಡೆ ಓಡಬೇಡಿ, ಕೆಂಪು ಕಲ್ಲಿನ ವಿಷಯ ಅಲ್ಲಿಯೇ ಇದೆ.