ವಿಸ್ಕಿ ದಂಗೆ, 1791–94: ನೀವು ಕೇಳಿ, ಇತಿಹಾಸದ ಮೇಡಂ ಹೇಳುತ್ತಾರೆ

ನಿರ್ವಾಹಕ: ಇವತ್ತಿನ ವಿಷಯ, ಮದ್ಯದ ಸುಂಕದ ವಿರುದ್ಧ ಅಮೆರಿಕದ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದದ್ದು. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಹಳ್ಳಿ ಹೈದ: ನಮಸ್ತೆ ಮೇಡಂ. ಗ್ಯಾಲನ್‌ಗೆ 9 ಸೆಂಟ್ ಸುಂಕಕ್ಕೆ ಬಂದೂಕು ಹಿಡಿದರಾ?

ಮೇಡಂ: ನಮಸ್ತೆ. ಸುಂಕವನ್ನು ನಗದಿನಲ್ಲೇ ಕಟ್ಟಬೇಕಿತ್ತು. ಅಲ್ಲಿ ನಗದು ಓಡಾಡುತ್ತಿದ್ದುದೇ ಕಡಿಮೆ. ಕೂಲಿ, ಅಂಗಡಿ ಬಾಕಿ ಎಲ್ಲ ವಿಸ್ಕಿಯಲ್ಲಿ ಚುಕ್ತಾ ಆಗುತ್ತಿತ್ತು. ಬೆಟ್ಟ ದಾಟುವ ಕುದುರೆ ಸುಮಾರು 4 ಬುಷೆಲ್ (ಧಾನ್ಯದ ಅಳತೆ) ಧಾನ್ಯ ಹೊರುತ್ತಿತ್ತು. ಭಟ್ಟಿ ಇಳಿಸಿದರೆ ಅದೇ ಕುದುರೆ 24 ಬುಷೆಲ್‌ನ ಫಸಲು ಹೊತ್ತು ಹೋಗುತ್ತಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಹಣಕಾಸು ಮಂತ್ರಿ ಹ್ಯಾಮಿಲ್ಟನ್ ಕೈಹಾಕಿದ್ದು ಈ ವಿಸ್ಕಿಗೇ. ಭಟ್ಟಿಯ ಗಾತ್ರ ನೋಡಿ ವರ್ಷಕ್ಕೊಮ್ಮೆ ಕಟ್ಟುವ ದಾರಿಯೂ ಇತ್ತು. ವರ್ಷವಿಡೀ ಭಟ್ಟಿ ಓಡಿಸುವ ದೊಡ್ಡವರಿಗೆ ಅದು ಲಾಭ, ಸುಗ್ಗಿ ಆದ ಮೇಲೆ ಒಂದಷ್ಟು ದಿನ ಇಳಿಸುವವರಿಗೆ ಬರೀ ಹೊರೆ.

ಬೆಣ್ಣೆದೋಸೆ: ಕೋರ್ಟಿಗೆ ಹೋಗಬಹುದಿತ್ತಲ್ಲ?

ಮೇಡಂ: ಈ ಕೋರ್ಟಿನ ವಿಷಯವೇ ನನ್ನನ್ನು ಬಿಡದೆ ಕಾಡುವುದು. ಕೇಸು ಬಿದ್ದರೆ ಸುಮಾರು 300 ಮೈಲಿ ದೂರದ ಫಿಲಡೆಲ್ಫಿಯಾಕ್ಕೆ ಹೋಗಬೇಕಿತ್ತು. ಹೋಗಿ ಬರುವಷ್ಟರಲ್ಲಿ ಹೊಲ ಹಾಳು. ಜನ ಗಲಾಟೆ ಮಾಡಿದ ಮೇಲೆ 1794ರ ಜೂನ್‌ನಲ್ಲಿ ಕಾನೂನು ತಿದ್ದಿ, ಊರ ಹತ್ತಿರದ ಕೋರ್ಟಿನಲ್ಲೇ ವಿಚಾರಣೆಗೆ ಅವಕಾಶ ಕೊಟ್ಟರು. ಆದರೆ ತಿದ್ದುಪಡಿಗೆ ಮೊದಲೇ ಸಿದ್ಧವಾಗಿದ್ದ ಸಮನ್ಸ್‌ನಲ್ಲಿ ಫಿಲಡೆಲ್ಫಿಯಾ ಅಂತಲೇ ಇತ್ತು! ಅದನ್ನೇ ಹಿಡಿದು ಮಾರ್ಷಲ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ) ಡೇವಿಡ್ ಲೆನಾಕ್ಸ್ ಜುಲೈನಲ್ಲಿ, ಕೊಯ್ಲಿನ ಹೊತ್ತಿಗೆ ಬಂದ. ದಾರಿ ತೋರಿಸಲು ಸುಂಕದ ಅಧಿಕಾರಿ ಜಾನ್ ನೆವಿಲ್. 15ರಂದು ವಿಲಿಯಂ ಮಿಲ್ಲರ್ ಎಂಬ ರೈತ ಸಮನ್ಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. 16ಕ್ಕೆ ಬೋವರ್ ಹಿಲ್‌ನಲ್ಲಿದ್ದ ನೆವಿಲ್ ಮನೆಗೆ ಜನ ಮುತ್ತಿದರು. ಮುತ್ತಿದವರಲ್ಲೊಬ್ಬ ಆಲಿವರ್ ಮಿಲ್ಲರ್ ಗುಂಡಿಗೆ ಸತ್ತ. 17ಕ್ಕೆ ನೂರಾರು ಜನ. ಮನೆ ಕಾಯಲು ಬೆರಳೆಣಿಕೆಯ ಸೈನಿಕರು. ಬಿಳಿ ಬಾವುಟ ಕಂಡಿತೆಂದು ನಂಬಿ ದಂಗೆಯವರ ಮುಖಂಡ ಜೇಮ್ಸ್ ಮೆಕ್‌ಫಾರ್ಲೇನ್ ಮರೆಯಿಂದ ಹೊರಗೆ ಬಂದ, ಗುಂಡು ತಗುಲಿ ಬಿದ್ದ. ಆಮೇಲೆ ಮನೆಗೆ ಬೆಂಕಿ. ಆ ಸಮನ್ಸನ್ನು ಬದಲಿಸಿ ಕಳಿಸಿದ್ದರೆ ಇಷ್ಟು ಬೇಗ ಹೊತ್ತಿಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಾಫಿಪ್ರಿಯ: (ಫಾರ್ವರ್ಡ್) “ಅಮೆರಿಕದ ಅಜ್ಜಿ ಮದ್ದು! ಮಗುವಿಗೆ ಜ್ವರ ಬಂದರೆ ವಿಸ್ಕಿಯಲ್ಲಿ ಬೆಳ್ಳುಳ್ಳಿ ನೆನೆಸಿ...” ನಿಜವಾ ಮೇಡಂ?

ಮೇಡಂ: ಮಗುವಿಗೆ ಮದ್ಯ ಕೊಡಬೇಡಿ. ಆ ಕಾಲದಲ್ಲಿ ವಿಸ್ಕಿಯನ್ನು ಔಷಧಿ ಅಂತ ಕುಡಿದದ್ದು ನಿಜ, ಅವರಿಗೆ ಬೇರೆ ಗತಿ ಇರಲಿಲ್ಲ. ನಿಮಗೆ ಡಾಕ್ಟರ್ ಇದ್ದಾರೆ.

ಪಿಟ್ಸ್‌ಬರ್ಗ್ ಕನ್ನಡಿಗ: ಬೋವರ್ ಹಿಲ್‌ನಲ್ಲಿ ಈಗ ನೋಡೋಕೆ ಏನಾದರೂ ಉಳಿದಿದೆಯಾ ಮೇಡಂ?

ಲೆಕ್ಕದ ರಂಗ: ಇವರನ್ನು ಹೀರೋ ಮಾಡಬೇಡಿ. 1791ರಲ್ಲೇ ರಾಬರ್ಟ್ ಜಾನ್ಸನ್ ಅನ್ನೋ ವಸೂಲಿಗಾರನ ಕೂದಲು ಕತ್ತರಿಸಿ, ಮೈಗೆ ಟಾರು ಬಳಿದು ಪುಕ್ಕ ಅಂಟಿಸಿದ್ದರು.

ಹಳ್ಳಿ ಹೈದ: ತಿಂಗಳ ಸಂಬಳ ಎಣಿಸೋರಿಗೆ ಹೊಲದ ಕಷ್ಟ ಏನ್ ಗೊತ್ತು ಸ್ವಾಮಿ?

ಲೆಕ್ಕದ ರಂಗ: ಸುಂಕ ಕಟ್ಟಿದ ರೈತರ ಭಟ್ಟಿಗೂ ಗುಂಡು ಹೊಡೆದು ತೂತು ಮಾಡಿದರಲ್ಲ? “ಟಾಮ್ ದ ಟಿಂಕರ್” ಅಂತ ಸಹಿ ಹಾಕಿ ಬೆದರಿಕೆ ಚೀಟಿ ಬೇರೆ. ಅವರಿಗೆ ಹೊಲ ಇರಲಿಲ್ವಾ?

ಹಳ್ಳಿ ಹೈದ: ನೀವೇನು ಹ್ಯಾಮಿಲ್ಟನ್ ಅಳಿಯನಾ?

ನಿರ್ವಾಹಕ: ಇಬ್ಬರೂ ಸುಮ್ನಿರಿ.

ಹೊಸ ಸದಸ್ಯ: 9 ಸೆಂಟ್‌ಗೆ ಇಷ್ಟೆಲ್ಲಾ ರಂಪಾನಾ?

ಮೇಡಂ: ಮೇಲೆ ಬರೆದಿದ್ದೇನೆ, ಓದಿ.

ಕಾಫಿಪ್ರಿಯ: (ಫಾರ್ವರ್ಡ್) “ತನ್ನ ವಿಸ್ಕಿ ವ್ಯಾಪಾರಕ್ಕಾಗಿ ಸಾವಿರಾರು ರೈತರನ್ನು ಕೊಂದ ವಾಷಿಂಗ್ಟನ್!”

ಮೇಡಂ: ಸುಳ್ಳು. ಆಗಿನ ಅಧ್ಯಕ್ಷ ವಾಷಿಂಗ್ಟನ್ ಅವರ ಭಟ್ಟಿ ಶುರುವಾದದ್ದು 1797ರಲ್ಲಿ, ದಂಗೆ ಮುಗಿದ ಮೇಲೆ. ಸುಮಾರು 13,000 ಸೈನಿಕರನ್ನು ಕಳಿಸಿದರು, ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್‌ವರೆಗೆ ತಾವೂ ಬಂದರು. ಸೇನೆ ಮುಟ್ಟುವಷ್ಟರಲ್ಲಿ ದಂಗೆಯವರು ಚದುರಿದ್ದರು, ಕಾಳಗವೇ ಆಗಲಿಲ್ಲ. ದೇಶದ್ರೋಹ ಸಾಬೀತಾದದ್ದು ಇಬ್ಬರ ಮೇಲೆ, ಇಬ್ಬರಿಗೂ ವಾಷಿಂಗ್ಟನ್ ಕ್ಷಮೆ ಕೊಟ್ಟರು. ಕಳಿಸುವ ಮೊದಲು ಒಮ್ಮೆ ನೀವೇ ಓದಿ ನೋಡಬಾರದಾ?

ಕಾಫಿಪ್ರಿಯ: ಬಂದದ್ದನ್ನು ಕಳಿಸಿದೆ ಅಷ್ಟೇ. (ವಿಡಿಯೊ: ಕುಕ್ಕರ್‌ನಲ್ಲಿ ವಿಸ್ಕಿ ಮಾಡುವ ವಿಧಾನ)

ಮೇಡಂ: ತೆಗೆಯಿರಿ ಅದನ್ನ. ಕುಕ್ಕರ್ ಸಿಡಿಯುತ್ತದೆ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಪೊಲೀಸರು ಬಂದರೆ ನನ್ನ ಹೆಸರು ಹೇಳಬೇಡಿ.

ಹಳ್ಳಿ ಹೈದ: ಕೆಂಟಕಿಯಲ್ಲೂ ಸುಂಕ ಕಟ್ಟಲಿಲ್ಲವಂತೆ. ಅಲ್ಲಿಗೆ ಯಾಕೆ ಸೇನೆ ಹೋಗಲಿಲ್ಲ?

ಲೆಕ್ಕದ ರಂಗ: ಶುರುವಾಯ್ತು ಇವರದ್ದು.

ಮೇಡಂ: ಕೇಳಲಿ ಬಿಡಿ, ಒಳ್ಳೆ ಪ್ರಶ್ನೆ. ಕೆಂಟಕಿ ಇನ್ನೂ ದೂರ. ಪೆನ್ಸಿಲ್ವೇನಿಯಾದ್ದು ಆಗಿನ ರಾಜಧಾನಿ ಇದ್ದ ರಾಜ್ಯದಲ್ಲೇ ಎದ್ದ ದಂಗೆ, ಸರ್ಕಾರಕ್ಕೆ ಅದು ಮರ್ಯಾದೆ ಪ್ರಶ್ನೆ.

ಪಿಟ್ಸ್‌ಬರ್ಗ್ ಕನ್ನಡಿಗ: ನನ್ನ ಪ್ರಶ್ನೆ ಮೇಡಂ??

ಬೆಣ್ಣೆದೋಸೆ: ಕೊನೆಗೆ ಸುಂಕ ಏನಾಯ್ತು?

ಮೇಡಂ: 1802ರಲ್ಲಿ, ಅಧ್ಯಕ್ಷ ಜೆಫರ್ಸನ್ ಕಾಲದಲ್ಲಿ ರದ್ದಾಯಿತು. ನನಗೆ ಪೇಪರ್ ತಿದ್ದುವುದಿದೆ, ಬರುತ್ತೇನೆ.

ಲೆಕ್ಕದ ರಂಗ: ಅಲ್ಲಿವರೆಗೂ ಕಾನೂನು ಕಾನೂನೇ ಆಗಿತ್ತು.

ನಿರ್ವಾಹಕ: ಕಾಮೆಂಟ್ ಬಂದ್ ಮಾಡಿದ್ದೇನೆ.