"ಸುಮ್ನೆ ಒಂದು ರೌಂಡ್" ಅಂತ ಹೊರಡುತ್ತೇವೆ, ರೇಸ್ ಆಗಿಬಿಡುತ್ತದೆ. ಗೆಳೆಯನಿಗೆ ಹೇಳಲೋ ಬೇಡವೋ?

ಸರಸ್ವತಿಪುರಂ ಸೈಕಲ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ವಯಸ್ಸು 46. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಾನು ಮತ್ತು ನನ್ನ ಗೆಳೆಯ, ಇಬ್ಬರೇ ಸೈಕಲ್ ತುಳಿಯುತ್ತೇವೆ. ಒಂದು ವಾರ ನಂಜನಗೂಡು. ಇನ್ನೊಂದು ವಾರ ಉತ್ತನಹಳ್ಳಿ ಕಡೆಯಿಂದ ಚಾಮುಂಡಿ ಬೆಟ್ಟ. ಹೈಸ್ಕೂಲಿನಿಂದ ಜೊತೆಗಿದ್ದವರು ನಾವು. ಆಗ ನಮ್ಮಿಬ್ಬರಿಗೂ ಸೇರಿ ಇದ್ದದ್ದು ಅವರಪ್ಪನ ಅಟ್ಲಾಸ್ ಒಂದೇ. ಒಬ್ಬ ತುಳಿದರೆ ಇನ್ನೊಬ್ಬ ಕ್ಯಾರಿಯರ್ ಮೇಲೆ. ದಿಬ್ಬ ಬಂದರೆ ಇಬ್ಬರೂ ಇಳಿದು ತಳ್ಳುತ್ತಿದ್ದೆವು.

ಶನಿವಾರ ರಾತ್ರಿ ಮೆಸೇಜ್ ಬರುತ್ತದೆ: "ನಾಳೆ ಸುಮ್ನೆ ಒಂದು ರೌಂಡ್. ಆರಾಮಾಗಿ." ಬೆಳಗ್ಗೆ ಹೊರಡುವಾಗ ನಿಜಕ್ಕೂ ಆರಾಮಾಗಿಯೇ ಇರುತ್ತದೆ. ಮಕ್ಕಳ ಫೀಸು, ಅವರಮ್ಮನ ಮಂಡಿನೋವು, ಅಂಗಡಿ ಬಾಡಿಗೆ, ಎಲ್ಲ ಮಾತಾಡುತ್ತೇವೆ. ರಿಂಗ್ ರೋಡ್ ದಾಟಿದ ಮೇಲೆ ಮಾತು ಕಡಿಮೆಯಾಗುತ್ತದೆ. ನೋಡಿದರೆ ಅವನ ಮುಂದಿನ ಚಕ್ರ ನನ್ನದಕ್ಕಿಂತ ಒಂದು ಗೇಣು ಮುಂದೆ ಇರುತ್ತದೆ. ನಾನು ಸ್ವಲ್ಪ ತುಳಿದು ಸಮ ಮಾಡಿಕೊಳ್ಳುತ್ತೇನೆ. ಒಂದು ನಿಮಿಷ ಬಿಟ್ಟು ಮತ್ತೆ ಒಂದು ಗೇಣು. ಬಂಡಿಪಾಳ್ಯ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಬ್ಬರಿಗೂ ಮಾತಾಡಲು ಉಸಿರೇ ಇರುವುದಿಲ್ಲ. ಆದರೂ ಒಬ್ಬನೂ "ಯಾಕೋ ಇಷ್ಟು ಜೋರು?" ಅಂತ ಕೇಳುವುದಿಲ್ಲ.

ಬೆಟ್ಟದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ನಾನು ಅವನನ್ನು ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ನೋಡುತ್ತೇನೆ. ಹಿಂದೆ ಅವನ ಗೇರು "ಕಟಕ್" ಅಂದರೆ ಅವನು ಸುಲಭದ ಗೇರಿಗೆ ಇಳಿದ ಅಂತ ಅರ್ಥ. ಆ ಸದ್ದು ಕೇಳಿದ ಕೂಡಲೇ ನಾನು ಇನ್ನಷ್ಟು ತುಳಿಯುತ್ತೇನೆ. ಅವನನ್ನು ದಾಟುವಾಗ ಬಾಯಿ ಮುಚ್ಚಿಕೊಂಡು ಮೂಗಲ್ಲೇ ಉಸಿರಾಡುತ್ತೇನೆ, ಸುಸ್ತಾಗಿದೆ ಅಂತ ಗೊತ್ತಾಗಬಾರದು ಅಂತ. ಎದೆ ಒಡೆಯುವ ಹಾಗೆ ಬಡಿಯುತ್ತಿರುತ್ತದೆ. ಅವನೂ ಹಾಗೇ. ಮೊದಲು ಮೇಲೆ ತಲುಪಿದವನು ಹೆಲ್ಮೆಟ್ ತೆಗೆದು, ಮುಖ ಒರೆಸಿಕೊಂಡು, ಮಹಿಷಾಸುರನ ಹತ್ತಿರ ಫೋನ್ ನೋಡುತ್ತಾ ನಿಂತಿರುತ್ತಾನೆ, ಬಂದು ತುಂಬಾ ಹೊತ್ತಾಯಿತು ಅನ್ನುವ ಹಾಗೆ. ಎರಡನೆಯವನು ಬಂದು "ನೀರು ಕುಡಿಯೋಕೆ ನಿಂತಿದ್ದೆ" ಅನ್ನುತ್ತಾನೆ.

ಇಷ್ಟು ದಿನ ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಮಳೆಗಾಲದಲ್ಲಿ ಅವನಿಗೆ ಡೆಂಗ್ಯೂ ಆಯಿತು. ಐದು ದಿನ ಆಸ್ಪತ್ರೆಯಲ್ಲಿದ್ದ. ಕಳೆದ ಭಾನುವಾರ ಮೊದಲ ಸಲ ಮತ್ತೆ ಸೈಕಲ್ ಹತ್ತಿದ. ಮುಖ ಇಳಿದುಹೋಗಿತ್ತು, ಕೈಗಡಿಯಾರ ಮಣಿಕಟ್ಟಿನಲ್ಲಿ ತಿರುಗುತ್ತಿತ್ತು. "ಇವತ್ತು ಬೆಟ್ಟ ಬೇಡ" ಅಂದೆ. "ಬಾರೋ, ನಿಧಾನಕ್ಕೆ" ಅಂದ. ಅರ್ಧ ಬೆಟ್ಟದಲ್ಲಿ ಅವನ ಗೇರು ಒಂದರ ಮೇಲೊಂದು ಮೂರು ಸಲ ಕಟಕ್ ಅಂದಿತು. ನಾನು ಅವನನ್ನು ದಾಟಿ ಹೋದೆ. ತಿರುಗಿ ನೋಡಲಿಲ್ಲ. ಹೊಟ್ಟೆಯೊಳಗೆ ಸಣ್ಣ ಖುಷಿಯೊಂದು ಎದ್ದಿತು. ಮೇಲೆ ಹೋಗಿ ನಿಂತೆ. ಐದು ನಿಮಿಷ, ಏಳು ನಿಮಿಷ. ಅವನು ಬರಲಿಲ್ಲ. ವಾಪಸ್ ಇಳಿದು ನೋಡಿದರೆ ರಸ್ತೆ ಬದಿಯ ಕಟ್ಟೆ ಮೇಲೆ ಕೂತು ತಲೆ ಬಗ್ಗಿಸಿಕೊಂಡಿದ್ದ. ನನ್ನನ್ನು ನೋಡಿ ಎದ್ದು, "ಚೈನ್ ಬಿದ್ದಿತ್ತು" ಅಂದ. ಅವನ ಕೈಯಲ್ಲಿ ಗ್ರೀಸ್ ಇರಲಿಲ್ಲ.

ಆ ಖುಷಿ ನನ್ನನ್ನು ವಾರವೆಲ್ಲ ಕಾಡುತ್ತಿದೆ. ನನ್ನ ಗೆಳೆಯ ಅವನು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಅವನ ಪಕ್ಕ ಮಲಗಿದ್ದವನು ನಾನೇ. ಇದನ್ನು ಬಾಯಿಬಿಟ್ಟು ಮಾತಾಡಬೇಕಾ? ಮಾತಾಡಿದರೆ ಈಗಿರುವುದೂ ಕೆಟ್ಟುಹೋಗುತ್ತಾ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ?

ಜಾಲಹಳ್ಳಿ ಹಳೇ ಪೆಡಲ್

ನಿಮಗಿಂತ ನಾನು ಹದಿನೇಳು ವರ್ಷ ದೊಡ್ಡವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇದಕ್ಕೆಲ್ಲ ಸ್ಟ್ರಾವಾ, ಅಂದರೆ ಸವಾರಿಯ ಟೈಮ್ ಬರೆದಿಟ್ಟು ಬೇರೆಯವರಿಗೂ ತೋರಿಸುವ ಫೋನ್ ಆ್ಯಪ್, ಕಾರಣ ಅನ್ನುವವರು ಇದ್ದಾರೆ. ಅದು ಬಂದದ್ದು 2009ರಲ್ಲಿ. ನಾನು ಕಾರ್ಖಾನೆಗೆ ಸೈಕಲ್‌ನಲ್ಲಿ ಹೋಗುತ್ತಿದ್ದದ್ದು ಅದಕ್ಕೂ ಇಪ್ಪತ್ತು ವರ್ಷ ಮುಂಚೆ. ಹ್ಯಾಂಡಲ್‌ಗೆ ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು ಮೊದಲ ಪಾಳಿಗೆ ನೂರಾರು ಜನ ಒಟ್ಟಿಗೆ ಹೋಗುತ್ತಿದ್ದೆವು. ಸೈರನ್‌ಗೆ ಇನ್ನೂ ಹೊತ್ತಿದ್ದರೂ ಪಕ್ಕದವನು ಒಂದು ಗೇಣು ಮುಂದೆ ಹೋದರೆ ಕಾಲು ತಾನಾಗಿ ಜೋರಾಗುತ್ತಿತ್ತು. ಸಾರು ಚೆಲ್ಲುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಇದು ಫೋನಿನಿಂದ ಬಂದದ್ದಲ್ಲ ಸಾರ್, ಎರಡು ಸೈಕಲ್ ಪಕ್ಕಪಕ್ಕ ಬಂದ ದಿನದಿಂದ ಇರುವಂಥದ್ದು. ಫೋನು ಅದಕ್ಕೆ ಲೆಕ್ಕದ ಪುಸ್ತಕ ಕೊಟ್ಟಿತು, ಅಷ್ಟೇ.

ನೀವು ಹೇಳಿದ ಆ ಒಂದು ಗೇಣಿನ ಲೆಕ್ಕ ಸ್ವಲ್ಪ ಕೇಳಿ. ಗಂಟೆಗೆ 20 ಕಿ.ಮೀ. ಇದ್ದದ್ದು 25 ಆದರೆ ವೇಗ ಕಾಲು ಭಾಗ ಏರಿತು. ಆದರೆ ಗಾಳಿ ಸೀಳಲು ಕಾಲು ಕೊಡಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಪಕ್ಕಪಕ್ಕ ಹೋದರೆ ಇಬ್ಬರೂ ಆ ಗಾಳಿಯನ್ನು ಪೂರ್ತಿ ತಿನ್ನುತ್ತೀರಿ. ಒಬ್ಬರ ಹಿಂದೆ ಒಬ್ಬರು ಹೋದರೆ ಹಿಂದಿನವನಿಗೆ ಆ ಶಕ್ತಿಯಲ್ಲಿ ದೊಡ್ಡ ಪಾಲು ಉಳಿತಾಯವಾಗುತ್ತದೆ. ನಂಜನಗೂಡು ರಸ್ತೆಯಲ್ಲಿ ಬಸ್ಸು ಲಾರಿ ಬೇರೆ. ಅಲ್ಲಿ ಪಕ್ಕಪಕ್ಕ ಹೋಗಲೇಬೇಡಿ.

ನಿವೃತ್ತಿ ಆದ ಮೇಲೆ ನಾನು ಬ್ರೆವೆ ಅನ್ನುವ ದೂರದ ಸವಾರಿ ಶುರುಮಾಡಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಆಯಿತು. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಫಸ್ಟು ಸೆಕೆಂಡು ಇಲ್ಲ. ಅದರ ದೊಡ್ಡಣ್ಣ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ಶುರುವಾದಾಗ ಅದು ರೇಸೇ ಆಗಿತ್ತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವುದು ಬ್ರೆವೆ, ಸುಮಾರು 1200 ಕಿ.ಮೀ.ಗೆ 90 ಗಂಟೆ. ನನ್ನ ಮೊದಲ 300ರಲ್ಲಿ ಯಾರೋ ಗುರುತಿಲ್ಲದ ಹುಡುಗನ ಹಿಂದೆ ಬಿದ್ದು ಮೊದಲ ನೂರರಲ್ಲೇ ಕಾಲು ಖಾಲಿ ಮಾಡಿಕೊಂಡೆ. ರಾತ್ರಿ ಹನ್ನೊಂದಕ್ಕೆ ಒಂದು ಪೆಟ್ರೋಲ್ ಬಂಕ್ ಹತ್ತಿರ ಸ್ನಾಯು ಹಿಡಿದು ಕೂತಿದ್ದಾಗ, ನಾನು ಬೆಳಗ್ಗೆ ದಾಟಿ ಬಂದಿದ್ದ ಒಬ್ಬರು ನಿಲ್ಲಿಸಿ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ಅವರ ಜೊತೆಗೇ ಮುಗಿಸಿದೆ.

ನಿಮ್ಮ ಗೆಳೆಯರ ವಿಷಯ: ಡೆಂಗ್ಯೂ ಹೋದ ಮೇಲೂ ಸುಸ್ತು ವಾರಗಟ್ಟಲೆ ಇರುತ್ತದೆ. ಡಾಕ್ಟರು ಸರಿ ಅನ್ನುವವರೆಗೆ ಬೆಟ್ಟ ಬೇಡ. ಇದನ್ನಂತೂ ಬಾಯಿಬಿಟ್ಟು ಹೇಳಿ.

ನಂದಿ ಬೆಳಗು

ನಾನು ಬೆಂಗಳೂರಿನವಳು. ತಿಂಗಳಿಗೆ ಎರಡು ಸಲ ನಂದಿ ಬೆಟ್ಟ ಹತ್ತುತ್ತೇನೆ. ನನ್ನದು ಗೆಳೆಯರ ಕಥೆ ಅಲ್ಲ, ಗುರುತಿಲ್ಲದವರದ್ದು.

ನನ್ನ ಪಾಡಿಗೆ ಒಂದೇ ಲಯದಲ್ಲಿ ಹತ್ತುತ್ತಿರುತ್ತೇನೆ. ಮುಂದೆ ಒಬ್ಬರು ನಿಧಾನವಾಗಿ ಹೋಗುತ್ತಿರುತ್ತಾರೆ. "ಬಲಗಡೆ ಬರ್ತಿದೀನಿ" ಅಂತ ಹೇಳಿ ದಾಟುತ್ತೇನೆ. ಇಪ್ಪತ್ತು ಸೆಕೆಂಡ್ ಆಗಿರುವುದಿಲ್ಲ, ಸೀಟಿನಿಂದ ಎದ್ದು ನಿಂತು ತುಳಿಯುತ್ತಾ ನನ್ನನ್ನು ದಾಟುತ್ತಾರೆ. ಮುಂದಿನ ತಿರುವಿಗೆ ಉಸಿರು ಮುಗಿದು ನನ್ನ ಎದುರಿಗೇ ನಿಧಾನ ಆಗುತ್ತಾರೆ. ನಾನು ಬ್ರೇಕ್ ಹಿಡಿಯಬೇಕು. ಏರಿನಲ್ಲಿ ಬ್ರೇಕ್ ಹಿಡಿದರೆ ಲಯ ಹೋಯಿತು. ಮತ್ತೆ ದಾಟಿದರೆ ಮತ್ತೆ ಅದೇ. ಮುಂಚೆ ಹೋದ ಗಂಡಸರು ದಾಟಿದಾಗ ಇದೇ ಮನುಷ್ಯ ತಲೆ ಕೂಡ ಎತ್ತಿರುವುದಿಲ್ಲ. ನನಗೆ ಇದು ನಿಜವಾಗಿ ಬೇಜಾರಿನ ವಿಷಯ. ಹೆಂಗಸರೇ ಸೇರಿ ಹೋಗುವ ಗುಂಪು ಹುಡುಕಿಕೊಂಡದ್ದೇ ಇದಕ್ಕೆ.

ಆದರೆ ಅಲ್ಲೂ ಇದೆ, ಸುಳ್ಳು ಹೇಳಬಾರದು. ನಮ್ಮ ಗುಂಪಿನಲ್ಲಿ ನನಗಿಂತ ಚಿಕ್ಕವಳು ಒಬ್ಬಳಿದ್ದಾಳೆ. ಅವಳ ಬೆನ್ನು ಕಾಣಿಸುತ್ತಿದ್ದರೆ ನಾನು ಬಿಡುವುದಿಲ್ಲ. ಒಂದು ದಿನ ಅವಳಿಗೆ ನೇರವಾಗಿ ಹೇಳಿದೆ: "ನಿನ್ನ ಹಿಂದೆ ಬಿದ್ದೇ ನಾನು ಇಷ್ಟು ಸುಧಾರಿಸಿದ್ದು ಕಣೇ." ಅವಳು, "ಅಕ್ಕ, ನೀವು ಹಿಂದೆ ಇದ್ದೀರಿ ಅಂತಲೇ ನಾನು ನಿಲ್ಲೋದಿಲ್ಲ" ಅಂದಳು. ಆಮೇಲೆ ನಮ್ಮಿಬ್ಬರ ನಡುವೆ ಏನೂ ಕೆಟ್ಟಿಲ್ಲ. ನೀವೂ ಹೇಳಿ. ಆ ಸಣ್ಣ ಖುಷಿಯನ್ನೂ ಮುಚ್ಚಿಡದೆ ಹೇಳಿ.

ವಿಜಯಪುರದ ಹುಡುಗ

ನಮ್ಮ ಕಡೆ ಸೈಕಲ್ ರೇಸ್ ಅಂದರೆ ಊರೇ ಬಂದು ನಿಲ್ಲುತ್ತದೆ. ವಿಜಯಪುರ, ಬಾಗಲಕೋಟೆ ಹುಡುಗರು ದೊಡ್ಡ ದೊಡ್ಡ ಮಟ್ಟಕ್ಕೆ ಹೋಗಿದ್ದಾರೆ. ನಾನು ಅಷ್ಟು ದೂರ ಹೋಗಲಿಲ್ಲ, ಆರು ವರ್ಷ ಓಡಿಸಿದೆ.

ಅಣ್ಣಾರ, ರೇಸಿನಲ್ಲಿ ಇರುವ ನೆಮ್ಮದಿ ನಿಮ್ಮ ಆರಾಮ್ ರೌಂಡಿನಲ್ಲಿ ಇಲ್ಲ ನೋಡಿ. ರೇಸಿಗೆ ಗೆರೆ ಇರುತ್ತದೆ. ಇಲ್ಲಿಂದ ಶುರು, ಇಲ್ಲಿಗೆ ಮುಗೀತು. ಗೆರೆ ದಾಟಿದ ಮೇಲೆ ಸೋತವನ ಹೆಗಲ ಮೇಲೆ ಕೈ ಹಾಕಬಹುದು. ನಿಮ್ಮದಕ್ಕೆ ಗೆರೆಯೇ ಇಲ್ಲ, ಹಾಗಾಗಿ ಮುಗಿಯುವುದೇ ಇಲ್ಲ. ಮನೆಗೆ ಹೋದರೂ ತಲೆಯಲ್ಲಿ ಓಡುತ್ತಿರುತ್ತದೆ.

ಎರಡು ಕೆಲಸ ಮಾಡಿ. ಸಪಾಟು ರಸ್ತೆಯಲ್ಲಿ ಪಾಳಿ ಹಾಕಿಕೊಳ್ಳಿ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಒಬ್ಬ ಮುಂದೆ ಗಾಳಿ ತಿನ್ನಬೇಕು, ಆಮೇಲೆ ಬದಿಗೆ ಸರಿದು ಹಿಂದೆ ಬರಬೇಕು. ಗಟ್ಟಿ ಇದ್ದವನು ಎರಡು ಕಲ್ಲು ಎಳೆಯಲಿ. ವೇಗ ಮಾತ್ರ ಏರಿಸಬಾರದು. ಟೀಮ್ ರೇಸಿನಲ್ಲಿ ನಾಲ್ಕು ಜನ ಹೀಗೆಯೇ ಓಡುತ್ತಾರೆ, ಅಲ್ಲಿ ನಿಮ್ಮ ಜೋರು ಗೆಳೆಯನ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ಬೆಟ್ಟದಲ್ಲಿ ಒಂದು ತುಂಡು ಆರಿಸಿ, ಹೇಳಿಯೇ ರೇಸ್ ಮಾಡಿ. ಉಳಿದ ಬೆಟ್ಟ ಮಾತಾಡುತ್ತಾ ಹತ್ತಿ. ಮಾತು ನಿಂತಿತು ಅಂದರೆ ಜೋರಾಯಿತು ಅಂತ ಲೆಕ್ಕ.

ಸರಸ್ವತಿಪುರಂ ಸೈಕಲ್

ಐದು ವಾರ ಆಯಿತು, ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಮಾತಾಡದೆ ಬರೆಯುವುದು ಬೇಡ ಅನ್ನಿಸಿತು.

ಮಾತಾಡಿದೆ. ಮುಂದಿನ ಭಾನುವಾರ ಸೈಕಲ್ ತೆಗೆಯದೆ ಅವನ ಮನೆಗೆ ಹೋದೆ. ಮಹಡಿ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆವು. ಗೇರಿನ ಸದ್ದು ಕೇಳಿಸಿಕೊಂಡದ್ದು, ತಿರುಗಿ ನೋಡದೆ ಹೋದದ್ದು, ಖುಷಿಯಾದದ್ದು, ಎಲ್ಲ ಹೇಳಿದೆ. ಹೇಳುವಾಗ ಲೋಟ ಕೈಯಲ್ಲಿ ನಡುಗುತ್ತಿತ್ತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ನಾನು ಆಸ್ಪತ್ರೆಯಲ್ಲಿದ್ದಾಗ ಆ ಭಾನುವಾರ ನೀನು ಒಬ್ಬನೇ ಬೆಟ್ಟಕ್ಕೆ ಹೋಗಿದ್ದೆ ಅಲ್ವಾ?" ಹೌದು, ಹೋಗಿದ್ದೆ. ಹಿಂದಿನ ರಾತ್ರಿ ಅವನ ಪಕ್ಕ ಮಲಗಿದ್ದು ಬೆಳಗ್ಗೆ ಅವನ ಹೆಂಡತಿ ಬಂದ ಮೇಲೆ ಹೋಗಿದ್ದೆ. ಅವನಿಗೆ ಹೇಳಿರಲಿಲ್ಲ. "ಸ್ಟ್ರಾವಾದಲ್ಲಿ ನೋಡಿದೆ ಕಣೋ. ಡ್ರಿಪ್ ಹಾಕಿದ್ದ ಕೈ ಅಲ್ಲಾಡಿಸಬಾರದು ಅಂದಿದ್ದರು. ಎಡಗೈಯಲ್ಲಿ ಫೋನ್ ಹಿಡಿದು ನಿನ್ನ ಟೈಮ್ ನೋಡಿದೆ. ನನ್ನದಕ್ಕಿಂತ ನಲವತ್ತು ಸೆಕೆಂಡ್ ಕಡಿಮೆ. ಸಿಟ್ಟು ಬಂತು. ಮಧ್ಯಾಹ್ನ ಅವಳು ತಂದಿದ್ದ ಗಂಜಿ ಪೂರ್ತಿ ಕುಡಿದೆ, ಅಲ್ಲಿವರೆಗೆ ಎರಡು ಚಮಚ ಇಳಿಯುತ್ತಿರಲಿಲ್ಲ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವನೇ ಎದ್ದು ಲೋಟ ತೊಳೆಯಲು ಒಳಗೆ ಹೋದ.

ಡಾಕ್ಟರು ಒಪ್ಪುವವರೆಗೆ ಬೆಟ್ಟ ಬಿಟ್ಟೆವು. ನಂಜನಗೂಡಿಗೆ ಪಾಳಿ ಮೇಲೆ ಹೋದೆವು. ಮೊದಮೊದಲು ನಾನೇ ಎರಡು ಮೂರು ಕಲ್ಲು ಎಳೆದೆ. ಕಪಿಲೆಯ ಸೇತುವೆ ಹತ್ತಿರ ಬರುವಾಗ ನನಗಿಂತ ಅವನ ಉಸಿರು ಸಮ ಇತ್ತು. ವಿಜಯಪುರದ ತಮ್ಮಾ, ನೀವು ಹೇಳಿದ್ದು ಸರಿ, ಹಿಂದೆ ಅವನ ಚಕ್ರದ ಸದ್ದು ಕೇಳಿದರೆ ಈಗ ಓಡಬೇಕು ಅನ್ನಿಸುವುದಿಲ್ಲ. ಅವನು ಬರುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ನಿನ್ನೆ ಬೆಟ್ಟಕ್ಕೆ ಹೋದೆವು. ಕೊನೆಯ ತಿರುವಿನವರೆಗೆ ಅವರಮ್ಮನ ಮಂಡಿ ಆಪರೇಷನ್ ಬಗ್ಗೆ ಮಾತಾಡುತ್ತಾ ಹತ್ತಿದೆವು. ತಿರುವಿನಲ್ಲಿ ಅವನು "ಹ್ಞೂಂ?" ಅಂದ. ನಾನು "ಹ್ಞೂಂ" ಅಂದೆ. ಅಲ್ಲಿಂದ ಮಹಿಷಾಸುರನವರೆಗೆ ಪ್ರಾಣ ಬಿಟ್ಟು ತುಳಿದೆವು. ಎರಡು ಸೈಕಲ್ ಅಂತರದಲ್ಲಿ ಅವನು ಗೆದ್ದ. ಕಡಲೆಕಾಯಿ ಮಾರುವವರು ತಿರುಗಿ ನೋಡುವ ಹಾಗೆ ಕೂಗಿದ. ನಾನು ಹ್ಯಾಂಡಲ್ ಮೇಲೆ ಬಗ್ಗಿ, ಬಾಯಿ ತೆರೆದು, ಜೋರಾಗಿ ಏದುಸಿರು ಬಿಡುತ್ತಾ ನಿಂತಿದ್ದೆ. ಅವನು ತನ್ನ ಬಾಟಲಿ ನನ್ನ ಕೈಗೆ ಕೊಟ್ಟ.